ಸುದ್ದಿ ಒಂದು ಬಿಟ್ಟು ಏನಾದ್ರೂ ಮಾತಾಡಿ

ನಮ್ಮ ದೇಶದಲ್ಲಿ ಸುದ್ದಿ ಹೇಳೋಕೆ ಏನ್ ಬೇಕು ಹೇಳಿ? ಒಂದು ಮೊಬೈಲು, ಯೂಟ್ಯೂಬಲ್ಲಿ ಒಂದು ಚಾನೆಲ್ಲು, ಗಟ್ಟಿ ಗಂಟಲು. ಇಷ್ಟಿದ್ರೆ ಯಾರ್ ಬೇಕಾದ್ರೂ ಕೂತಲ್ಲೇ ಸರ್ಕಾರ ಬೀಳಿಸ್ಬಹುದು, ಟೀವಿಯವರಂತೂ 24 ಗಂಟೆನೂ ಅದೇ ಕೆಲಸದಲ್ಲಿರ್ತಾರೆ. ಆದ್ರೆ ಹರಾಜಲ್ಲಿ ಕೋಟಿಗಟ್ಲೆ ಸುರಿದು ಸರ್ಕಾರದ ಹತ್ರಾನೇ ಲೈಸೆನ್ಸ್ ತಗೊಂಡಿರೋ ಖಾಸಗಿ ಎಫ್‌ಎಂನವರು ಮಾತ್ರ ಸ್ವಂತ ಸುದ್ದಿ ಓದೋ ಹಾಗಿಲ್ಲ. ದೇಶದ ಮೊದಲ ಖಾಸಗಿ ಎಫ್‌ಎಂ 2001ರಲ್ಲಿ ಶುರುವಾಗಿದ್ದು ನಮ್ಮ ಬೆಂಗಳೂರಲ್ಲೇ, ಅವತ್ತಿಂದ ಉಸಿರು ಬಿಡದೆ ಮಾತಾಡಿದ್ದೇ ಮಾತಾಡಿದ್ದು, ಸುದ್ದಿ ಒಂದು ಬಿಟ್ಟು.

ಹಾಗಂತ ಪೂರ್ತಿ ಬಾಯಿ ಹೊಲಿದಿಲ್ಲಪ್ಪ. 2011ರಲ್ಲಿ ಸರ್ಕಾರ ತಂದ ಖಾಸಗಿ ಎಫ್‌ಎಂ ರೇಡಿಯೋದ ಮೂರನೇ ಹಂತದ ನೀತಿಲಿ ಟ್ರಾಫಿಕ್ಕು, ಹವಾಮಾನ, ಹಬ್ಬ, ಪರೀಕ್ಷೆ ರಿಸಲ್ಟು, ಸ್ಥಳೀಯ ಆಡಳಿತದವರು ಕೊಟ್ಟ ಕರೆಂಟು ನೀರಿನ ಪ್ರಕಟಣೆ, ಇವೆಲ್ಲ ಸುದ್ದಿನೇ ಅಲ್ಲ ಅಂತ ಧಾರಾಳವಾಗಿ ಬಿಟ್ಟುಕೊಟ್ಟಿದ್ದಾರೆ. ಸೋ ಸಿಲ್ಕ್ ಬೋರ್ಡಲ್ಲಿ ಜಾಮ್ ಅಂತ ಆರ್‌ಜೆ ಹೇಳ್ಬಹುದು, ಆದ್ರೆ ಅಲ್ಲಿ ಧರಣಿ ಕೂತಿರೋರು ಯಾರ ರಾಜೀನಾಮೆ ಕೇಳ್ತಿದ್ದಾರೆ ಅಂತ ಬಾಯ್ಬಿಟ್ರೆ ಸುದ್ದಿ ಆಗೋಗತ್ತೆ. ಮಳೆ ಬಂತು ಅನ್ನೋದು ಹವಾಮಾನ. ಹೂಳು ತೆಗೆಸಿದೀವಿ ಅಂತ ಬಿಲ್ ಆಗಿರೋ ರಾಜಕಾಲುವೆ ಮನೆಯೊಳಗೆ ಹೇಗೆ ಬಂತು ಅನ್ನೋದು ಸುದ್ದಿ, ಶ್, ಹಾಡು ಹಾಕಪ್ಪ. ಇನ್ನು ಶಾಸಕರು ಬಸ್ ಹತ್ತಿ ರೆಸಾರ್ಟಿಗೆ ಹೋದ್ರು ಅಂತ ಹೇಳೋ ಹಾಗಿಲ್ಲ, ಅದೇ ರೆಸಾರ್ಟಿನ ವೀಕೆಂಡ್ ಪ್ಯಾಕೇಜ್ ಜಾಹೀರಾತು ದಿನಕ್ಕೆ ಎಷ್ಟು ಸಲ ಬೇಕಾದ್ರೂ ಹಾಕ್ಬಹುದು, ದುಡ್ಡೂ ಬರತ್ತೆ.

ಸುದ್ದಿ ಬೇಕೇ ಬೇಕು ಅಂದ್ರೆ ಆಕಾಶವಾಣಿದು ತಗೊಂಡು ಒಂದಕ್ಷರ ಆಚೀಚೆ ಮಾಡದೆ ಹಾಗೇ ಕೇಳಿಸ್ಬೇಕಂತೆ. ಅಂದ್ರೆ ಅಲ್ಲಿವರೆಗೂ ಪ್ರ್ಯಾಂಕ್ ಕಾಲ್ ಮಾಡಿಕೊಂಡು ಹಲ್ಲು ಕಿರೀತಿದ್ದ ಸ್ಟೇಷನ್ನು ಇದ್ದಕ್ಕಿದ್ದಂಗೆ ಗಂಟಲು ಸರಿಮಾಡ್ಕೊಂಡು ಪ್ರಧಾನಿಯವರು ಉದ್ಘಾಟಿಸಿದರು ಅನ್ಬೇಕು, ಆಮೇಲೆ ಮತ್ತೆ ಹಲ್ಲು ಕಿರೀಬೇಕು. ಇನ್ನೊಂದು ತಮಾಷೆ ಗೊತ್ತಾ, ಆಕಾಶವಾಣಿ ಅನ್ನೋ ಹೆಸರಿರ್ತದಲ್ಲ, ಅದು 1935ರಲ್ಲಿ ಮೈಸೂರಿನ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೇಲೇ ಶುರು ಮಾಡಿದ ಖಾಸಗಿ ರೇಡಿಯೋಗೆ ಇಟ್ಟಿದ್ದು! ಪ್ರೊಫೆಸರ್ ಒಬ್ಬರು ಮನೆಯಿಂದ ದೇಶಕ್ಕೇ ಹೆಸರು ಕೊಟ್ರು, ಈಗ ಆ ಹೆಸರಿನ ಸಂಸ್ಥೆನ ಕೇಳಿ ಖಾಸಗಿಯವರು ಸುದ್ದಿ ಕಡ ತರ್ಬೇಕು.

ಭದ್ರತೆ ಅಂತ ಒಂದು ಕಾರಣ ಕೊಡ್ತಾರೆ. ಸರಿ ಬಿಡಿ, ವಾಟ್ಸಾಪಲ್ಲಿ ಬರೋ ಸುಳ್ಳಿಂದ ದೇಶಕ್ಕೆ ಏನೂ ಆಗಲ್ಲ, ಟೀವಿ ಸ್ಟುಡಿಯೋದಲ್ಲಿ ಗ್ರಾಫಿಕ್ಸ್ ಯುದ್ಧ ಮಾಡಿದ್ರೂ ಏನೂ ಆಗಲ್ಲ, ಆದ್ರೆ ಬೆಳಿಗ್ಗೆ ಏಳಕ್ಕೆ ನಗ್ತಾ ಎಬ್ಬಿಸೋ ಹುಡುಗಿ ಪಾಲಿಕೆ ಬಜೆಟ್ ಓದಿದ್ರೆ ಮಾತ್ರ ಗಡಿನೇ ಅಲ್ಲಾಡೋಗತ್ತೆ.

2023ರ ಸೆಪ್ಟೆಂಬರಲ್ಲಿ ಟ್ರಾಯ್‌ನವರು, ಅಂದ್ರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದವರು, ಖಾಸಗಿ ಎಫ್‌ಎಂನವರೂ ಗಂಟೆಗೆ 10 ನಿಮಿಷ ಸುದ್ದಿ ಹೇಳ್ಕೊಳ್ಳಲಿ ಅಂತ ಶಿಫಾರಸು ಮಾಡಿದ್ರು. ನನಗೆ ಇರೋದು ಒಂದೇ ಡೌಟು, ಹನ್ನೊಂದನೇ ನಿಮಿಷಕ್ಕೆ ಸರ್ಕಾರ ಬಿದ್ರೆ ಏನ್ಮಾಡೋದು? ಮುಂದಿನ ಗಂಟೆವರೆಗೂ ಹಾಡು ಹಾಕ್ಕೊಂಡು ಕಾಯ್ಬೇಕು, ಅಷ್ಟರೊಳಗೆ ಬಿದ್ದಿದ್ದು ವಾಪಸ್ ಎದ್ದು ಬಹುಮತನೂ ಸಾಬೀತು ಮಾಡಿದ್ರೆ ಕೇಳುಗರಿಗೆ ಏನೂ ಆಗೇ ಇಲ್ಲ ಅನ್ಸತ್ತೆ, ಅವತ್ತೂ ಅವರಿಗೆ ಸಿಲ್ಕ್ ಬೋರ್ಡಲ್ಲಿ ಜಾಮ್ ಇದೆ ಅಷ್ಟೇ.