ನೌಕಾಪಡೆ ದುಡ್ಡಲ್ಲಿ ಕಟ್ಟಿದ ಕಲ್ಲಿನ ಹಡಗು

ಬೀಜಿಂಗ್‌ನ ಬೇಸಿಗೆ ಅರಮನೆಗೆ ನೌಕಾಪಡೆಯ ದುಡ್ಡು ಸುರಿದು ರಾಜಮಾತೆ ಸಿಶಿ ಚೀನಾವನ್ನೇ ಮುಳುಗಿಸಿದಳು ಅಂತ ಎಲ್ಲರೂ ಬೈಯುತ್ತಾರೆ. ಪಾಪ, ಸುಮ್ನೆ ಬೈಯಬಾರದು. ಆಕೆ ಹಡಗು ಕಟ್ಟಿಸಿದ್ದಳಲ್ವಾ? ಕಲ್ಲಿನದ್ದು, ಅಷ್ಟೇ.

ಅದರ ತಳ ಮಾತ್ರ ಹಳೇದು. 1750ರಲ್ಲಿ ಚಕ್ರವರ್ತಿ ಚಿಯಾನ್‌ಲಾಂಗ್ ತಾಯಿಯ ಅರವತ್ತನೇ ಹುಟ್ಟುಹಬ್ಬದ ನೆಪ ಹೇಳಿ ಕೆರೆ ಅಗೆಸಿ, ಆ ಮಣ್ಣನ್ನು ಪಕ್ಕದ ಗುಡ್ಡಕ್ಕೆ ಸುರಿಸಿ, ಈ ಉದ್ಯಾನ ಶುರುಮಾಡಿದ. ದೋಣಿಯನ್ನು ಹೊರುವುದೂ ನೀರೇ, ಮಗುಚುವುದೂ ನೀರೇ ಅಂತ ಅಲ್ಲೊಂದು ಹಳೇ ಮಾತಿದೆ. ನೀರು ಅಂದರೆ ಪ್ರಜೆಗಳು. ಚಿಯಾನ್‌ಲಾಂಗ್ ಏನು ಮಾಡಿದ ಗೊತ್ತಾ? ದೋಣಿಯನ್ನೇ ಕಲ್ಲಲ್ಲಿ ಮಾಡಿಸಿ ದಡಕ್ಕೆ ಕೂರಿಸಿಬಿಟ್ಟ. ಈಗ ಮಗುಚಿ ನೋಡೋಣ!

1860ರಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೈನಿಕರು ಎಲ್ಲ ಸುಟ್ಟರು. ಕಲ್ಲು ಉಳಿಯಿತು.

ಆಮೇಲೆ ಸಿಶಿಗೆ ರಿಟೈರ್ ಆಗಿ ಕೂರಲು ಜಾಗ ಬೇಕಾಯಿತು. ನೌಕಾ ಇಲಾಖೆಯ ಮುಖ್ಯಸ್ಥ ರಾಜಕುಮಾರ ಚುನ್, ಅಂದರೆ ಚಕ್ರವರ್ತಿ ಗ್ವಾಂಗ್‌ಶುವಿನ ಹೆತ್ತ ತಂದೆ, 1886ರಲ್ಲಿ ಒಂದು ಮನವಿ ಬರೆದ. ಚಿಯಾನ್‌ಲಾಂಗ್ ಅಗೆಸಿದ ಆ ಕುನ್ಮಿಂಗ್ ಕೆರೆಯಲ್ಲಿ ಹಿಂದಿನಂತೆ ನೌಕಾ ಕವಾಯತು ನಡೆಯಬೇಕು, ರಾಜಮಾತೆ ಅದನ್ನು ನೋಡಲು ಬರುತ್ತಾರೆ, ಬಂದಾಗ ಸುತ್ತಲಿನ ಕಟ್ಟಡಗಳು ಪಾಳುಬಿದ್ದಿದ್ದರೆ ಚೆನ್ನಾಗಿರುವುದಿಲ್ಲ, ಆದ್ದರಿಂದ ರಿಪೇರಿ ಆಗಬೇಕು. ಸಮುದ್ರ ಕಾಯುವ ಪಡೆಗೆ ಕೆರೆಯಲ್ಲಿ ತರಬೇತಿ! ಫೈಲು ಪಾಸಾಯಿತು.

ರಿಪೇರಿ ಅಂದರೆ ಎಂಥದ್ದು! 728 ಮೀಟರ್ ಉದ್ದದ ಮೊಗಸಾಲೆ, ಅದರ ತೊಲೆತೊಲೆಗೂ ಚಿತ್ರ. 1893ರಲ್ಲಿ ಕಲ್ಲಿನ ಹಡಗಿಗೆ ಎರಡಂತಸ್ತಿನ ಹೊಸ ಮೇಲ್ಕಟ್ಟು ಬಂತು. ಅದು ಮರದ್ದು, ಅಮೃತಶಿಲೆಯ ಹಾಗೆ ಕಾಣಲಿ ಅಂತ ಬಣ್ಣ ಬಳಿದರು. ಎರಡೂ ಪಕ್ಕದಲ್ಲಿ ಉಗಿಹಡಗಿಗೆ ಇರುವಂಥ ನಕಲಿ ಚಕ್ರ. ಒಳಗೆ ಕೂತಲ್ಲೇ ಕೆರೆ ನೋಡಲು ದೊಡ್ಡ ಕನ್ನಡಿ. ಚಾವಣಿಗೆ ಬಿದ್ದ ಮಳೆನೀರು ಟೊಳ್ಳು ಕಂಬಗಳಲ್ಲಿ ಇಳಿದು ಡ್ರ್ಯಾಗನ್ ಬಾಯಿಂದ ಕೆರೆಗೆ ಬೀಳುತ್ತದೆ. ಇಡೀ ಹಡಗಿನಲ್ಲಿ ನೆಟ್ಟಗೆ ಕೆಲಸ ಮಾಡುವುದು ಇದೊಂದೇ ಇರಬೇಕು.

ಅತ್ತ ನಿಜವಾದ ನೌಕಾಪಡೆಗೆ, ಅಂದರೆ ಚೀನಾದ ಉತ್ತರ ಕರಾವಳಿ ಕಾಯುವ ಬೇಯಾಂಗ್ ಪಡೆಗೆ, 1888ರ ನಂತರ ಹೊರದೇಶದಿಂದ ಹೊಸ ಯುದ್ಧನೌಕೆ ಬರಲೇ ಇಲ್ಲ. 1894 ಸಿಶಿಯ ಅರವತ್ತನೇ ಹುಟ್ಟುಹಬ್ಬದ ವರ್ಷ. ಜಪಾನಿಗೆ ಮರ್ಯಾದೆ ಗೊತ್ತಿಲ್ಲ ನೋಡಿ, ಅದೇ ವರ್ಷ ಯುದ್ಧಕ್ಕೆ ಬಂತು. 1895ರ ಫೆಬ್ರವರಿಯಲ್ಲಿ ವೈಹೈವೈ ಬಂದರಿನಲ್ಲಿ ನೌಕಾಪಡೆ ಶರಣಾಯಿತು. ಏಪ್ರಿಲ್‌ನಲ್ಲಿ ಜಪಾನಿಗೆ 20 ಕೋಟಿ ಟೇಲ್ (ಚೀನಾದ ಹಳೇ ತೂಕದ ಅಳತೆ) ಬೆಳ್ಳಿ ತೆರುವ ಒಪ್ಪಂದವಾಯಿತು. ಇಷ್ಟೆಲ್ಲ ಆದರೂ ಕುನ್ಮಿಂಗ್ ಕೆರೆಯ ಹಡಗಿಗೆ ಒಂದು ಗೀರೂ ಬೀಳಲಿಲ್ಲ. ಟೀಕಾಕಾರರು ಇದನ್ನು ಹೇಳುವುದೇ ಇಲ್ಲ.

ಇನ್ನು ರಿಟೈರ್ ಆಗುವ ವಿಚಾರ. 1898ರಲ್ಲಿ ಗ್ವಾಂಗ್‌ಶು ಸುಧಾರಣೆ ಅಂತ ಹೊರಟಾಗ ಸಿಶಿ ವಾಪಸ್ ಬಂದು ಅಧಿಕಾರ ಕಿತ್ತುಕೊಂಡಳು. ಬೇಸಿಗೆ ಅರಮನೆಯಲ್ಲಿ ಅವನನ್ನು ಕೂಡಿಹಾಕಿದ ಮನೆಯೊಳಗೆ ದಾರಿಗಳಿಗೆ ಅಡ್ಡವಾಗಿ ಇಟ್ಟಿಗೆ ಗೋಡೆ ಕಟ್ಟಿಸಿದಳು. ಆ ಇಟ್ಟಿಗೆಯ ಬಿಲ್ಲನ್ನು ನೌಕಾ ಇಲಾಖೆಗೆ ಕಳಿಸುವ ಹಾಗಿರಲಿಲ್ಲ. ಅದನ್ನು 1895ರಲ್ಲೇ ಮುಚ್ಚಿಬಿಟ್ಟಿದ್ದರು.