ಬೀಳಿಸದೆ ಬೀಳಿಸುವ ಕಲೆ

1831ರಲ್ಲಿ ಆಡಳಿತ ಬೆಂಗಳೂರಿಗೆ ಹೋಯಿತು. ಮೈಸೂರಿಗೆ ‘ಸಾಂಸ್ಕೃತಿಕ ರಾಜಧಾನಿ’ ಎಂಬ ಬಿರುದು ಉಳಿಯಿತು, ಜೊತೆಗೆ ಒಂದಿಷ್ಟು ಹಳೇ ಕಟ್ಟಡಗಳು ಗಂಟುಬಿದ್ದವು. ಕೆಡವೋಣವೆಂದರೆ ಕೋರ್ಟು, ಕಾಪಾಡೋಣವೆಂದರೆ ದುಡ್ಡು. ತಾನಾಗಿ ಬೀಳುವಂತೆ ನೋಡಿಕೊಂಡರೆ ಎರಡೂ ತಂಟೆಯಿಲ್ಲ.

ಕೆಲಸ ತಾರಸಿಯಿಂದ ಶುರುವಾಗಲಿ. ಮಳೆನೀರಿನ ಪೈಪಿನ ಬಾಯಿಗೆ ಎಲೆ, ಪ್ಲಾಸ್ಟಿಕ್ ಕಟ್ಟಿಕೊಳ್ಳಲಿ ಬಿಡಿ. ನಿಂತ ನೀರು ಮದ್ರಾಸ್ ತಾರಸಿಯ, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿ ಗಾರೆ ಹಾಕಿದ ಹಳೇ ಚಾವಣಿಯ, ಇಟ್ಟಿಗೆ ಸಂದಿಗಳಲ್ಲಿಳಿದು ತೊಲೆಯ ತುದಿಯನ್ನು, ಅಂದರೆ ಗೋಡೆಯೊಳಗೆ ಹೂತು ಯಾರ ಕಣ್ಣಿಗೂ ಬೀಳದ ಭಾಗವನ್ನೇ, ಮೊದಲು ಕೊಳೆಸುತ್ತದೆ. ಪ್ಯಾರಾಪೆಟ್ಟಿನಲ್ಲಿ ಅರಳಿ ಸಸಿ ಎದ್ದರೆ ಕೈಮುಗಿಯಿರಿ. ಯಾರಾದರೂ ತಕರಾರು ತೆಗೆದರೆ ಮೇಲಿನದನ್ನು ಕತ್ತರಿಸಿ ಫೋಟೊ ತೆಗೆಸಿ. ಬೇರು ಒಳಗೇ ಇರಲಿ, ಮುಂಗಾರು ಬಂದರೆ ಮಿಕ್ಕಿದ್ದನ್ನು ಅದೇ ನೋಡಿಕೊಳ್ಳುತ್ತದೆ.

ಬಿರುಕು ಕಂಡ ದಿನವೇ ಸಿಮೆಂಟು ತರಿಸಿ. ಆ ಕಾಲದ ಗಾರೆಯ ರಗಳೆ ಯಾರಿಗೆ ಬೇಕು? ಸುಣ್ಣವನ್ನು ವಾರಗಟ್ಟಲೆ ನೀರಲ್ಲಿ ಕೊಳೆಹಾಕಬೇಕು, ಒಂದು ಪಾಲಿಗೆ ಎರಡು ಮೂರು ಪಾಲು ಮರಳು ಬೆರೆಸಿ ಗಾಣದಲ್ಲಿ ಅರೆಯಬೇಕು, ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಹಾಕಬೇಕು. ಬೆಲ್ಲಕ್ಕೇನೋ ಮಂಡ್ಯ ಪಕ್ಕದಲ್ಲೇ ಇದೆ. ಟೆಂಡರಿನಲ್ಲಿ ಬೆಲ್ಲ ಎಂದು ಬರೆದರೆ ಆಡಿಟ್‌ನವರು ಪಾಯಸ ಎಲ್ಲಿ ಎಂದು ಕೇಳಿಯಾರು! ಸುಣ್ಣದ ಗೋಡೆ ಹೀರಿದ ತೇವವನ್ನು ಆಚೆ ಬಿಡುತ್ತದೆ, ಸಿಮೆಂಟು ಅದರ ಬಾಯಿ ಮುಚ್ಚುತ್ತದೆ. ಒಳಗೇ ಉಳಿದ ತೇವದ ಉಪ್ಪು ಇಟ್ಟಿಗೆಯನ್ನು ಪುಡಿಮಾಡಿ ಗೋಡೆಯ ಮೇಲೆ ಬೆಳ್ಳಗೆ ಹೂಬಿಡುತ್ತದೆ. ದಸರೆಗೆ ಮುಂಚೆ ಎರಡು ಕೈ ಎಮಲ್ಷನ್ ಬಳಿದರೆ ಪುನರುಜ್ಜೀವನ ಮುಗಿಯಿತು.

ಉಳಿದದ್ದು ದೀಪ. ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಕೋಲಾರದ ಚಿನ್ನದ ಗಣಿಗೆ ಹೋಗಿ, ಮೈಸೂರಿಗೆ ಬರುವ ಹೊತ್ತಿಗೆ 1908 ಆಯಿತು. ಆ ಬಾಕಿಯನ್ನು ಈಗ ಬಡ್ಡಿಸಮೇತ ವಸೂಲಿ ಮಾಡುತ್ತಿದ್ದೇವೆ. ಸೀರಿಯಲ್ ಲೈಟ್ ಎಳೆಯಲು ಕಮಾನಿನ ನೆತ್ತಿಗೇ ಡ್ರಿಲ್ ಇಡಿ. ಬಿರುಕು ಹಗಲಲ್ಲಿ ಕಾಣುತ್ತದೆ, ಅತಿಥಿಗಳು ಬರುವುದು ರಾತ್ರಿ.

1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದಾಗ ನಾಲ್ವರು ಸತ್ತರು. ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ 2016ರ ಆಗಸ್ಟಿನಲ್ಲಿ ಬಿತ್ತು, ಅದೂ ದುರಸ್ತಿ ನಡೆಯುತ್ತಿದ್ದಾಗ. ತಜ್ಞರಲ್ಲಿ ಕೆಲವರು ಉಳಿಸಬಹುದು ಎಂದರು, ಕೆಲವರು ಕೆಡವಿ ಅದೇ ರೂಪದಲ್ಲಿ ಹೊಸದು ಕಟ್ಟಿ ಎಂದರು. ಅರಳಿ ಸಸಿ ಯಾವ ವರದಿಗೂ ಕಾಯಲಿಲ್ಲ.

ಜಂಬೂಸವಾರಿ ಸಾಗುವುದು ಆ ಮಾರುಕಟ್ಟೆಯ ಪಕ್ಕದಲ್ಲೇ. 750 ಕೆಜಿ ಅಂಬಾರಿ ಹೊರುವ ಆನೆಯನ್ನು ವಾರಗಳ ಮೊದಲೇ ವೇಬ್ರಿಡ್ಜ್ ಹತ್ತಿಸಿ ತೂಗುತ್ತಾರೆ, ಮರಳಿನ ಮೂಟೆ ಹೊರಿಸಿ ತಾಲೀಮು ಕೊಡುತ್ತಾರೆ. ಮೆರವಣಿಗೆ ನೋಡಲು ತಾರಸಿ ಹತ್ತುವ ಜನರ ಭಾರಕ್ಕೆ ತೊಲೆಗಳ ತಾಲೀಮು ಮಾತ್ರ ಅದೇ ದಿನ, ಅದೇ ಹೊತ್ತಿಗೆ.