ಮೊದಲು ಹಳೇ ಫ್ಯಾನಿನ ಕ್ಲಚ್ ನೋಡಿ

ಲಾರಿಯ ರೇಡಿಯೇಟರ್ ತಣ್ಣಗಿಡುವ, ಇಂಜಿನ್ನೇ ತಿರುಗಿಸುವ ಹಳೇ ಫ್ಯಾನ್ ತೆಗೆದು ಎಲೆಕ್ಟ್ರಿಕ್ ಫ್ಯಾನ್ ಹಾಕಿದರೆ ಡೀಸೆಲ್ ಉಳಿಯುತ್ತದೆ ಅಂತ ಬರೆದಿದ್ದೀರಿ. ಉಳಿಯಬಹುದು, ಆದರೆ ಅಂದುಕೊಂಡಷ್ಟಲ್ಲ. ವಿಸ್ಕಸ್ ಕ್ಲಚ್ (ಒಳಗಿನ ದಪ್ಪ ಎಣ್ಣೆಯ ಹಿಡಿತದಿಂದ ಫ್ಯಾನ್ ತಿರುಗಿಸುವ ಭಾಗ) ಇರುವ ಹಳೇ ಫ್ಯಾನ್ ಇಂಜಿನ್ ತಣ್ಣಗಿದ್ದಾಗ ಜಾರಿಕೊಂಡು ನಿಧಾನಕ್ಕೆ ತಿರುಗುತ್ತದೆ. ರೇಡಿಯೇಟರ್ ದಾಟಿ ಬರುವ ಗಾಳಿ ಬಿಸಿಯಾದಾಗಷ್ಟೇ ಬಿಗಿ ಹಿಡಿಯುತ್ತದೆ. ಎಲೆಕ್ಟ್ರಿಕ್ ಫ್ಯಾನಿಗೂ ಕರೆಂಟ್ ಕೊಡುವುದು ಇಂಜಿನ್ನೇ ಅಲ್ವಾ? 12 ವೋಲ್ಟಿನಲ್ಲಿ 30 ಆಂಪಿಯರ್ ಎಳೆದರೆ 360 ವ್ಯಾಟ್. ಇಂಜಿನ್ನಿನಿಂದ ತಿರುಗಿ ಕರೆಂಟ್ ಕೊಡುವ ಆಲ್ಟರ್ನೇಟರ್ ಆ ಹೊರೆ ತಾಳಬೇಕು.

ಖಾಲಿ ಗಾಡಿಗೆ, ಟ್ರಾಫಿಕ್ಕಿನಲ್ಲಿ ನಿಂತು ನಿಂತು ಹೋಗುವವರಿಗೆ ಎಲೆಕ್ಟ್ರಿಕ್ ಫ್ಯಾನ್ ಒಳ್ಳೆಯದೇ. ಪೂರ್ತಿ ಲೋಡ್ ಹೊತ್ತು ಘಾಟಿ ಹತ್ತುವ ಲಾರಿಗೆ ನಾನಂತೂ ಹಾಕಲ್ಲ. ನನ್ನ ಗಾಡಿ ಬಿಸಿಯಾಗುತ್ತಿದ್ದಾಗ ನಾನೂ ಫ್ಯಾನ್ ಬದಲಿಸಲು ಹೊರಟಿದ್ದೆ. ಬಗ್ಗಿ ನೋಡಿದರೆ ಕ್ಲಚ್ಚಿನಿಂದ ಎಣ್ಣೆ ಸೋರಿ, ಧೂಳು ಮೆತ್ತಿ ಕಪ್ಪಗಾಗಿತ್ತು. ಕ್ಲಚ್ ಒಂದೇ ಬದಲಿಸಿದೆ, ಸರಿಹೋಯಿತು.